ಕಾದಂಬರಿ ಎಂಬ ಹುಡುಗಿ

ಕಾದಂಬರಿ ಎಂದ ಕೂಡಲೇ ಕನ್ನಡಿಗರಾದ ನಮಗೆ ನೆನಪಾಗುವುದು ಕಾರಂತ, ಕುವೆಂಪು, ಭೈರಪ್ಪ. ಶಂಶಾಬಾದಿನಲ್ಲಿ ನಮ್ಮ ಪಕ್ಕದ ತೆಲುಗು ಮನೆಯವರಿಗೆ ಹಾಗಲ್ಲ. ಅವರು ಓದುವುದು 'ನವಲ'; ಕಾದಂಬರಿ ಎಂದರೆ ಅವರ ಕಿವಿಗೆ ಹುಡುಗಿಯ ಹೆಸರು, ಅಷ್ಟೇ. ಇಲ್ಲಿನ ಕನ್ನಡದ ಗೆಳೆಯರೊಬ್ಬರು ಮಗಳಿಗೆ ಈ ಹೆಸರಿಡಲು ಹೊರಟಾಗ ಊರಿನಿಂದ ಎರಡು ತಕರಾರು ಬಂದವು. "ಮಗೂಗೆ ಯಾರಾದ್ರೂ ಪುಸ್ತಕದ ಹೆಸರಿಡ್ತಾರೇನೋ?" ಎಂದು ಅಜ್ಜ. "ನಿಘಂಟು ನೋಡಿದೆ, ಅದರ ಅರ್ಥ ಹೆಂಡ ಕಣೋ" ಎಂದು ಚಿಕ್ಕಪ್ಪ. ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಹೆಸರಿನ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ.

ಮೊದಲು ಚಿಕ್ಕಪ್ಪನ ಮಾತು. ಕದಂಬದ ಹೂವಿನಿಂದ ಇಳಿಸಿದ ಮದ್ಯಕ್ಕೆ ಸಂಸ್ಕೃತದಲ್ಲಿ ಕಾದಂಬರಿ ಎಂಬ ಹೆಸರುಂಟು. ಅದೇ ಪದಕ್ಕೆ ಹೆಣ್ಣು ಕೋಗಿಲೆ, ಸರಸ್ವತಿ ಎಂಬ ಅರ್ಥಗಳೂ ಇವೆ. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ತನ್ನ ಗದ್ಯಕಥೆಯ ನಾಯಕಿಗೆ ಈ ಹೆಸರಿಟ್ಟದ್ದು ಅರ್ಥ ತಿಳಿಯದೆ ಅಲ್ಲ. ಅವಳ ತಾಯಿಯ ಹೆಸರೇ ಮದಿರೆ! ಮದಿರೆಯ ಮಗಳು ಕಾದಂಬರಿ. ಓದಿದವರಿಗೆ ಅಮಲೇರಬೇಕು ಎಂಬುದು ಕವಿಯ ಆಸೆಯಾಗಿದ್ದಿರಬೇಕು.

ಆದರೆ ಕಥೆಯೊಳಗಿನ ಕಾದಂಬರಿ ಅಮಲಿನವಳಲ್ಲ, ಛಲದವಳು. ಅವಳು ಗಂಧರ್ವ ರಾಜಕುಮಾರಿ. ಗೆಳತಿ ಮಹಾಶ್ವೇತೆ ಪ್ರಿಯಕರ ಪುಂಡರೀಕನನ್ನು ಕಳೆದುಕೊಂಡು ಅಚ್ಛೋದ ಸರೋವರದ ಬಳಿ ತಪಸ್ವಿನಿಯಾಗಿ ಕುಳಿತಿದ್ದಾಳೆ. ಅವಳ ದುಃಖ ತೀರುವ ತನಕ ತಾನು ಮದುವೆಯಾಗುವುದಿಲ್ಲವೆಂದು ಕಾದಂಬರಿ ಹಟ ಹಿಡಿಯುತ್ತಾಳೆ. ಉಜ್ಜಯಿನಿಯ ಚಂದ್ರಾಪೀಡ ಅವಳ ಬದುಕಿಗೆ ಬರುವುದು ಆಮೇಲೆ. ಅವನೂ ಪ್ರಾಣ ಬಿಟ್ಟಾಗ ಅವಳು ಅವನ ದೇಹವನ್ನು ಕಾಯುತ್ತಾ ಕೂರುತ್ತಾಳೆ. ಕೊನೆಗೆ ಅವಳ ಸ್ಪರ್ಶದಿಂದಲೇ ಅವನು ಮರಳಿ ಏಳುತ್ತಾನೆ. ಈ ಕೊನೆಯನ್ನು ಬರೆಯಲು ಬಾಣ ಉಳಿದಿರಲಿಲ್ಲ. ಕಥೆಯನ್ನು ಪೂರ್ತಿ ಮಾಡಿದವನು ಅವನ ಮಗ ಭೂಷಣಭಟ್ಟ.

ಈ ಹುಡುಗಿ ಕನ್ನಡಕ್ಕೆ ಬಂದ ದಾರಿ ನಮ್ಮಂಥ ವಲಸಿಗರಿಗೆ ಆಪ್ತವಾದದ್ದು. ಸುಮಾರು ಕ್ರಿ.ಶ. 990ರ ಹೊತ್ತಿಗೆ ಒಂದನೆಯ ನಾಗವರ್ಮ 'ಕರ್ಣಾಟಕ ಕಾದಂಬರಿ'ಯನ್ನು ಚಂಪೂ ರೂಪದಲ್ಲಿ ಬರೆದ. ತಂದೆ ಮಗ ಇಬ್ಬರೂ ಹೇಳಿದ ಕಥೆಯನ್ನು ಅವನು ಒಂದೇ ಕೃತಿಯಾಗಿ ಕನ್ನಡಕ್ಕೆ ತಂದ. ಪಂಪನ ಮನೆತನದಂತೆ ನಾಗವರ್ಮನ ಮನೆತನವೂ ವೇಂಗಿಯ ಕಡೆಯದು, ಅಂದರೆ ಇಂದಿನ ಆಂಧ್ರದ ಏಲೂರಿನ ಸುತ್ತಿನ ಸೀಮೆಯದು. ಆ ಸೀಮೆಯಿಂದ ಬಂದ ಮನೆಗಳವರು ಕನ್ನಡಕ್ಕೆ ದೊಡ್ಡ ಕಾವ್ಯಗಳನ್ನು ಕೊಟ್ಟರು. ಮನೆಯ ಬೇರು ಒಂದು ಕಡೆ, ಬರೆದ ಭಾಷೆ ಇನ್ನೊಂದು ಕಡೆ. ಇದು ಐಟಿ ಕಾಲದಲ್ಲಿ ಹುಟ್ಟಿದ ಪಾಡಲ್ಲ.

ಇನ್ನು ಅಜ್ಜನ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ನಾವೆಲ್ ನಮ್ಮ ನಾಡಿಗೆ ಬಂದಾಗ ಅದಕ್ಕೊಂದು ದೇಸಿ ಹೆಸರು ಬೇಕಾಯಿತು. ಬಂಗಾಳಿ, ಹಿಂದಿಗಳಲ್ಲಿ ಉಪನ್ಯಾಸ ನಿಂತಿತು. ಮರಾಠಿಯಲ್ಲೂ ಕನ್ನಡದಲ್ಲೂ ಬಾಣನ ನಾಯಕಿಯ ಹೆಸರು ನಿಂತಿತು. ದೀರ್ಘವಾದ ಗದ್ಯಕಥೆಗೆ ನಮ್ಮಲ್ಲಿದ್ದ ದೊಡ್ಡ ಮಾದರಿ ಅದೇ ತಾನೇ? ಕನ್ನಡದ ಮೊದಮೊದಲ ಸಾಮಾಜಿಕ ಕಾದಂಬರಿಗಳಿಗೂ ಹೆಣ್ಣಿನ ಹೆಸರುಗಳೇ: ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899), ಬೋಳಾರ ಬಾಬುರಾಯರ 'ವಾಗ್ದೇವಿ' (1905). ಹಾಗಾಗಿ ಪುಸ್ತಕದ ಹೆಸರನ್ನು ಹುಡುಗಿಗೆ ಇಟ್ಟದ್ದಲ್ಲ. ಹುಡುಗಿಯ ಹೆಸರೇ ಪುಸ್ತಕಗಳ ಒಂದು ಕುಲಕ್ಕೆಲ್ಲ ಬಂದದ್ದು.

ಇಂದು ನಾವು ಮಗುವಿನ ಹೆಸರನ್ನು ಮೊಬೈಲಿನ ಪಟ್ಟಿಯಲ್ಲಿ ಹುಡುಕುತ್ತೇವೆ; ಎದುರಿಗೆ ಒಂದೇ ಪದದ ಅರ್ಥ ಇರುತ್ತದೆ. ಆ ಪಟ್ಟಿಯ ಪ್ರಕಾರ ನೋಡಿದರೆ ಕಾದಂಬರಿ ಎಂದರೆ ಮದ್ಯ, ಇಲ್ಲವೇ ನಾವೆಲ್. ಕಥೆಯ ಪ್ರಕಾರ ನೋಡಿದರೆ, ಗೆಳತಿಯ ನೋವು ತೀರದೆ ತನ್ನ ಸುಖ ಬೇಡವೆಂದ ಹೆಣ್ಣು. ಅಜ್ಜ, ಚಿಕ್ಕಪ್ಪಂದಿರು ಕೇಳಿದರೆ ಈ ಕಥೆಯನ್ನೇ ಹೇಳಬೇಕು. ಆ ಹೆಸರಿನ ಮಗುವಿಗಂತೂ ತಪ್ಪದೆ ಹೇಳಬೇಕು. ಕನ್ನಡ ಶಾಲೆಯಿಲ್ಲದ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ದಿನವೂ ಕಿವಿಗೆ ಬೀಳುವ ಕನ್ನಡ ಕೆಲವೊಮ್ಮೆ ತಮ್ಮ ಹೆಸರೊಂದೇ.