ಕ್ಷೌರದ ಕತ್ತಿಯ ಮಸೆಗಲ್ಲು: ಕ್ಯೋಟೋ ಗಣಿಗಳನ್ನು ಕುರಿತು ಒಂದು ವಿಚಾರ

ಜಪಾನಿನ ಖಡ್ಗವನ್ನು ಕುರಿತು ಬರೆದ ಗ್ರಂಥಗಳು ಹೇರಳವಾಗಿವೆ. ಆ ಖಡ್ಗವನ್ನು ಮಸೆದ ಕಲ್ಲಿನ ಚರಿತ್ರೆಯನ್ನು ವಿಚಾರಿಸಿದವರು ವಿರಳ. ಕ್ಷೌರದ ಕತ್ತಿಯ ಕಲ್ಲಿನ ಮಾತಂತೂ ಹೇಳಬೇಕಾದುದೇ ಇಲ್ಲ. ಕ್ಯೋಟೋ ನಗರದ ವಾಯವ್ಯಕ್ಕಿರುವ ನಾರುತಾಕಿಯ ಸುತ್ತಣ ಗುಡ್ಡಗಳಲ್ಲಿ ದೊರೆತ, ಕೊನೆಯ ಮಸೆತಕ್ಕೆ ಒದಗುವ ನುಣ್ಗಲ್ಲುಗಳಿಗೆ 'ಅವಾಸೆದೊ' ಎಂದು ಹೆಸರು. ಕಾಮಾಕುರ ಕಾಲದಲ್ಲಿ ಈ ಗಣಿಗಳ ಅಧಿಕಾರವು ಹೊನ್ಮಾ ಮನೆತನಕ್ಕೆ ದೊರೆಯಿತೆಂಬ ಐತಿಹ್ಯವುಂಟು. ಐತಿಹ್ಯವನ್ನು ಶಾಸನದಂತೆ ನಂಬಬೇಕಾಗಿಲ್ಲ.

ಕಲ್ಲಿನ ಹುಟ್ಟು ಇದಕ್ಕಿಂತ ಕುತೂಹಲಕರವಾದುದು. ಸುಮಾರು 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಯಲ್ಲಿ ಜೀವಸಂಕುಲದ ಮಹಾನಾಶವಾದಾಗ, ಆಳಸಾಗರದ ತಳಕ್ಕೆ ಇಳಿಯುತ್ತಿದ್ದ ರೇಡಿಯೋಲೇರಿಯಗಳೆಂಬ ಸೂಕ್ಷ್ಮಜೀವಿಗಳ ಸಿಲಿಕಾ ಕವಚಗಳು ಕುಗ್ಗಿ, ನವುರಾದ ಜೇಡಿಯೇ ಹೆಚ್ಚಾಗಿ ಪದರಗಟ್ಟಿತು. ಈ ಬಗೆಯ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ 'ಟೊಯಿಶಿ', ಎಂದರೆ ಮಸೆಗಲ್ಲು, ಎಂಬ ಜಪಾನೀ ಶಬ್ದದಿಂದಲೇ ಗುರುತಿಸುತ್ತಾರೆ.

ಇನ್ನು ಆಯ್ಕೆಯ ವಿಚಾರ. ಅಡುಗೆಯ ಕತ್ತಿಗೆ ಮೃದುವಾದ ಕಲ್ಲು ಸಲ್ಲುತ್ತದೆ. ಕ್ಷೌರದ ಕತ್ತಿಯ ಬಾಯಿಯಾದರೋ ಅತಿ ತೆಳುವು. ಮೃದುವಾದ ಕಲ್ಲಿನಿಂದೇಳುವ ದಪ್ಪ ರಾಡಿಯಲ್ಲಿ ಅದು ಉಜ್ಜಿ ಮೊಂಡಾಗುವುದುಂಟು. ಆದುದರಿಂದ ಗಟ್ಟಿಯಾದ, ಸಮವಾದ, ಒರಟು ಗೆರೆಗಳಿಲ್ಲದ ಕಲ್ಲನ್ನೇ ಹುಡುಕಬೇಕು. ಆದರೆ ತೀರ ಗಟ್ಟಿಯಾದ ಕಲ್ಲು ತಾನಾಗಿ ರಾಡಿ ಬಿಡುವುದಿಲ್ಲ. ಅದಕ್ಕಾಗಿ ಮಿಕಾವಾ ಪ್ರಾಂತದ 'ನಾಗುರ' ಎಂಬ ಬಿಳಿಯ ಸಣ್ಣಕಲ್ಲಿನಿಂದ ಅದರ ಮುಖವನ್ನು ಉಜ್ಜುವುದು ವಾಡಿಕೆ. ಹಳದಿಯ 'ಕಿಯಿತ'ವೇ ಶ್ರೇಷ್ಠ, ನೀಲಿ ಬೂದಿಯ 'ಅಸಗಿ'ಯೇ ಶ್ರೇಷ್ಠ ಎಂಬ ವಾದಗಳಿವೆ. ಬಣ್ಣವು ಗುಣಕ್ಕೆ ಪ್ರಮಾಣವಲ್ಲ. ಗಣಿಯ ಮುದ್ರೆಯೂ ಪೂರ್ಣ ಪ್ರಮಾಣವಲ್ಲ; ಒಂದೇ ಗಣಿಯ ಎರಡು ಪದರಗಳು, ಒಂದೇ ಪದರದ ಎರಡು ತುಂಡುಗಳು ಬೇರೆಯಾಗಬಹುದು. ಮುದ್ರೆಯನ್ನು ಮಾತ್ರ ನೋಡಿ ಕೊಳ್ಳುವವನು ಪುಷ್ಪಿಕೆಯನ್ನೋದಿ ಕೃತಿಯನ್ನು ಬಿಟ್ಟ ಸಂಶೋಧಕನಂತೆ. ತನ್ನ ಕತ್ತಿಯನ್ನೇ ಅದರ ಮೇಲೆ ಎಳೆದು ನೋಡುವುದು ಸರಿಯಾದ ಪರೀಕ್ಷೆ.

1871ರಲ್ಲಿ ಮೇಜಿ ಸರ್ಕಾರವು ಜುಟ್ಟನ್ನು ಕತ್ತರಿಸಲು ಅನುಮತಿಯಿತ್ತಿತು. 1876ರಲ್ಲಿ ಖಡ್ಗಧಾರಣೆಯನ್ನು ನಿಷೇಧಿಸಿತು. ಖಡ್ಗದ ಗಿರಾಕಿ ಕುಗ್ಗಿದ ಮೇಲೆ ಕ್ಷೌರಿಕನೂ ಬಡಗಿಯೂ ಗಣಿಗಳಿಗೆ ಆಸರೆಯಾದರೆಂದು ಊಹಿಸಲು ಅವಕಾಶವಿದೆ. ಮುಂದೆ ಜಿಲೆಟ್ಟನ ಸುರಕ್ಷಿತ ಕ್ಷೌರಯಂತ್ರಕ್ಕೆ 1904ರಲ್ಲಿ ಅಮೆರಿಕದ ಹಕ್ಕುಪತ್ರ ದೊರೆಯಿತು. ಕೃತಕ ಕಲ್ಲುಗಳೂ ಹರಡಿದವು. ಕ್ಯೋಟೋದ ಬಹುಪಾಲು ಗಣಿಗಳು ಇಂದು ಮುಚ್ಚಿವೆ. ನಾಕಾಯಾಮದ ಹೆಸರಿನಲ್ಲಿ ಮಾರುವುದು ಹಳೆಯ ದಾಸ್ತಾನು. ಮುದ್ರೆಯ ಪ್ರಾಮಾಣ್ಯದ ಪ್ರಶ್ನೆ ಈಗಲೇ ಹೆಚ್ಚು ತೀವ್ರವಾಗಿದೆ.