ಕಪ್ಪು ಹೊದಿಕೆಯ ಶ್ರದ್ಧಾಂಜಲಿ: ಎ.ಸಿ./ಡಿ.ಸಿ. ತಂಡದ ‘ಬ್ಯಾಕ್ ಇನ್ ಬ್ಲ್ಯಾಕ್’

ಪಾಶ್ಚಾತ್ಯ ರಾಕ್ ಸಂಗೀತವೆಂದರೆ ನಮ್ಮಲ್ಲಿ ಅನೇಕ ಹಿರಿಯರಿಗೆ ಮಕ್ಕಳ ಕೋಣೆಯ ಮುಚ್ಚಿದ ಬಾಗಿಲಿನಾಚೆಯಿಂದ ಕೇಳಿಬರುವ ಅಬ್ಬರ ಮಾತ್ರ. ಆ ಕೋಣೆಯ ಗೋಡೆಯ ಮೇಲೋ ಮಕ್ಕಳ ಅಂಗಿಯ ಮೇಲೋ ನಡುವೆ ಮಿಂಚಿನ ಗೆರೆಯಿರುವ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ನಾವು ಕಂಡಿರಬಹುದು. ಅದು ಎ.ಸಿ./ಡಿ.ಸಿ. ಎಂಬ ಆಸ್ಟ್ರೇಲಿಯಾದ ರಾಕ್ ತಂಡದ ಲಾಂಛನ. ಈ ತಂಡವು 1980ರಲ್ಲಿ ಹೊರತಂದ ‘ಬ್ಯಾಕ್ ಇನ್ ಬ್ಲ್ಯಾಕ್’ ಎಂಬ ಆಲ್ಬಮ್ ಜಗತ್ತಿನಲ್ಲಿ ಅತ್ಯಧಿಕವಾಗಿ ಮಾರಾಟವಾದ ಧ್ವನಿಮುದ್ರಿಕೆಗಳಲ್ಲೊಂದು. ಆದರೆ ಅದು ಹುಟ್ಟಿದ್ದು ಒಂದು ಸಾವಿನ ನೆರಳಿನಲ್ಲಿ. ಸಂಗೀತದ ಅಭಿರುಚಿ ಏನೇ ಇರಲಿ, ಆ ಹಿನ್ನೆಲೆಯನ್ನು ಅರಿಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ತಂಡದ ಹುಟ್ಟು

ಮಾಲ್ಕಮ್ ಯಂಗ್ ಮತ್ತು ಆಂಗಸ್ ಯಂಗ್ ಸಹೋದರರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದವರು. 1963ರಲ್ಲಿ ಅವರ ಕುಟುಂಬವು ಆಸ್ಟ್ರೇಲಿಯಾದ ಸಿಡ್ನಿಗೆ ವಲಸೆ ಹೋಯಿತು. ಅಣ್ಣ ಜಾರ್ಜ್ ಯಂಗ್ ‘ಈಸಿಬೀಟ್ಸ್’ ತಂಡದ ಸದಸ್ಯರಾಗಿ ಆಗಲೇ ಹೆಸರು ಮಾಡಿದ್ದರು. ಕಿರಿಯರಿಬ್ಬರು 1973ರಲ್ಲಿ ತಮ್ಮದೇ ತಂಡವನ್ನು ಕಟ್ಟಿದಾಗ, ವಿದ್ಯುತ್ತಿನ ಎರಡು ಬಗೆಯ ಪ್ರವಾಹಗಳನ್ನು ಸೂಚಿಸುವ ಅಕ್ಷರಗಳನ್ನೇ ಅದಕ್ಕೆ ಹೆಸರಾಗಿ ಸೂಚಿಸಿದವರು ಅವರ ಅಕ್ಕ ಮಾರ್ಗರೆಟ್. ಶಾಲಾ ಸಮವಸ್ತ್ರ ಧರಿಸಿ ವೇದಿಕೆಯ ಮೇಲೆ ಗಿಟಾರ್ ಹಿಡಿದು ಕುಣಿಯುವ ಆಂಗಸ್ ಜನರ ಕಣ್ಣಿಗೆ ಬಿದ್ದರೆ, ಹಿಂದೆ ನಿಂತು ತಾಳಬದ್ಧವಾಗಿ ಗಿಟಾರ್ ನುಡಿಸುತ್ತ ಇಡೀ ತಂಡವನ್ನು ಮುನ್ನಡೆಸುತ್ತಿದ್ದವರು ಮಾಲ್ಕಮ್.

1974ರಲ್ಲಿ ಗಾಯಕರಾಗಿ ಬಾನ್ ಸ್ಕಾಟ್ ತಂಡವನ್ನು ಸೇರಿದರು. ಅವರೂ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಆಸ್ಟ್ರೇಲಿಯಾಕ್ಕೆ ಬಂದವರು. ತುಂಟತನ, ವ್ಯಂಗ್ಯ, ಬೀದಿಯ ಬದುಕಿನ ಅನುಭವ ಇವು ಅವರ ಸಾಹಿತ್ಯದ ಜೀವಾಳವಾಗಿದ್ದವು. ಐದು ವರ್ಷಗಳ ಸತತ ಪ್ರವಾಸದ ನಂತರ, 1979ರ ‘ಹೈವೇ ಟು ಹೆಲ್’ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ 17ನೆಯ ಸ್ಥಾನವನ್ನು ತಲುಪಿ, ತಂಡಕ್ಕೆ ಜಗತ್ತಿನ ಬಾಗಿಲು ತೆರೆಯಿತು.

ಫೆಬ್ರವರಿಯ ಆ ದಿನ

1980ರ ಫೆಬ್ರವರಿ 19ರಂದು ಲಂಡನ್ನಿನಲ್ಲಿ, ರಾತ್ರಿಯ ಕುಡಿತದ ನಂತರ ಕಾರಿನಲ್ಲೇ ಮಲಗಿದ್ದ ಬಾನ್ ಸ್ಕಾಟ್ ಮತ್ತೆ ಏಳಲಿಲ್ಲ. ತೀವ್ರ ಮದ್ಯವಿಷದಿಂದ ಸಂಭವಿಸಿದ ಆಕಸ್ಮಿಕ ಮರಣವೆಂದು ವಿಚಾರಣೆಯಲ್ಲಿ ದಾಖಲಾಯಿತು. ಅವರ ವಯಸ್ಸು ಕೇವಲ 33. ಅವರ ಚಿತಾಭಸ್ಮವನ್ನು ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ನೆಲಕ್ಕೆ ಒಪ್ಪಿಸಲಾಯಿತು.

ಗಾಯಕನನ್ನು ಕಳೆದುಕೊಂಡ ರಾಕ್ ತಂಡವೆಂದರೆ ಭಾಗವತರನ್ನು ಕಳೆದುಕೊಂಡ ಯಕ್ಷಗಾನ ಮೇಳವಿದ್ದಂತೆ. ಚೆಂಡೆ, ಮದ್ದಳೆಗಳೆಲ್ಲ ಇದ್ದರೂ ಪ್ರಸಂಗವನ್ನು ನಡೆಸುವ ಕಂಠವೇ ಇಲ್ಲ. ತಂಡವನ್ನು ವಿಸರ್ಜಿಸುವ ಯೋಚನೆ ಯಂಗ್ ಸಹೋದರರ ಮನಸ್ಸಿನಲ್ಲೂ ಸುಳಿಯಿತು. ಅದನ್ನು ಬದಲಿಸಿದ್ದು ಬಾನ್ ಅವರ ಹೆತ್ತವರ ಮಾತು. ಅಂತ್ಯಸಂಸ್ಕಾರದ ಸಂದರ್ಭದಲ್ಲಿ ಬಾನ್ ಅವರ ತಂದೆಯೇ ತಂಡವನ್ನು ನಿಲ್ಲಿಸಬಾರದೆಂದು ಹೇಳಿದರೆಂಬುದನ್ನು ಮಾಲ್ಕಮ್ ಅನಂತರದ ವರ್ಷಗಳಲ್ಲಿ ಸ್ಮರಿಸಿದ್ದಾರೆ. ಮಗನನ್ನು ಕಳೆದುಕೊಂಡ ತಂದೆಯಿಂದ ಬಂದ ಈ ಅನುಮತಿ ಇಲ್ಲದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲವೇನೋ. ದುಃಖದಲ್ಲಿ ಸುಮ್ಮನೆ ಕುಳಿತಿರಲಾರದೆ ಸಹೋದರರಿಬ್ಬರೂ ಗಿಟಾರ್ ಹಿಡಿದು ಮತ್ತೆ ರಾಗಗಳನ್ನು ಹೊಸೆಯತೊಡಗಿದರು.

ಹೊಸ ಕಂಠ

ಹೊಸ ಗಾಯಕರಾಗಿ ಆಯ್ಕೆಯಾದವರು ಬ್ರಯಾನ್ ಜಾನ್ಸನ್. ಇಂಗ್ಲೆಂಡಿನ ಈಶಾನ್ಯ ಭಾಗದ ಡನ್‌ಸ್ಟನ್‌ನಲ್ಲಿ 1947ರಲ್ಲಿ ಜನಿಸಿದ ಇವರು, ‘ಜಾರ್ಡಿ’ ಎಂಬ ತಂಡದಲ್ಲಿ ಹಾಡುತ್ತಿದ್ದರು. ಆ ತಂಡದ ಪ್ರಸಿದ್ಧಿ ಇಳಿದ ಮೇಲೆ ಕಾರುಗಳಿಗೆ ವಿನೈಲ್ ಛಾವಣಿ ಹೊದಿಸುವ ಉದ್ಯಮವನ್ನು ನಡೆಸುತ್ತಿದ್ದರು. ಇಲ್ಲಿ ಒಂದು ಸಂಗತಿ ಗಮನಾರ್ಹ. ಬಾನ್ ಸ್ಕಾಟ್ ತಮ್ಮ ಜೀವಿತಕಾಲದಲ್ಲೇ ಬ್ರಯಾನ್ ಅವರ ಗಾಯನವನ್ನು ಕೇಳಿ, ಯಂಗ್ ಸಹೋದರರ ಬಳಿ ಮನಸಾರೆ ಮೆಚ್ಚಿಕೊಂಡಿದ್ದರು. ಉತ್ತರಾಧಿಕಾರಿಯತ್ತ ಬೆರಳು ತೋರಿಸಿದವರು ಅಗಲಿದವರೇ!

ಬಾನ್ ಅವರ ಧ್ವನಿಯನ್ನು ಅನುಕರಿಸಬಲ್ಲವರು ಬೇಕೆಂದು ತಂಡವು ಹುಡುಕಲಿಲ್ಲ. ಬಾನ್ ಕಥೆ ಹೇಳುವವರಂತೆ ಹಾಡುತ್ತಿದ್ದರು. ಬ್ರಯಾನ್ ಅವರದು ತಾರಸ್ಥಾಯಿಯಲ್ಲಿ ಸೀಳಿಕೊಂಡು ಬರುವ ಕಂಠ. ಈ ಭಿನ್ನತೆಯೇ ಹೊಸ ಆಲ್ಬಮ್ಮನ್ನು ಕಾಪಾಡಿತು ಎಂಬುದು ನಮ್ಮ ಅಭಿಪ್ರಾಯ. ನಕಲು ಮಾಡಿದ್ದರೆ ಕೇಳುಗರು ಪ್ರತಿ ಹಾಡಿನಲ್ಲೂ ಇಬ್ಬರನ್ನು ತೂಗಿ ನೋಡುತ್ತಿದ್ದರು.

ಬಹಾಮಾಸ್‌ನಲ್ಲಿ ಧ್ವನಿಮುದ್ರಣ

1980ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಹಾಮಾಸ್ ದ್ವೀಪಗಳ ರಾಜಧಾನಿ ನಸಾವ್‌ನ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ನಿರ್ಮಾಪಕರು ‘ಹೈವೇ ಟು ಹೆಲ್’ ಆಲ್ಬಮ್ಮನ್ನು ರೂಪಿಸಿದ್ದ ರಾಬರ್ಟ್ ಜಾನ್ ‘ಮಟ್’ ಲ್ಯಾಂಗ್. ಡ್ರಮ್ಸ್‌ನಲ್ಲಿ ಫಿಲ್ ರಡ್, ಬೇಸ್ ಗಿಟಾರ್‌ನಲ್ಲಿ ಕ್ಲಿಫ್ ವಿಲಿಯಮ್ಸ್ ಇದ್ದರು. ಆ ದಿನಗಳಲ್ಲಿ ಬಿರುಗಾಳಿ ಮಳೆಯಿಂದ ವಿದ್ಯುತ್ ಆಗಾಗ ಕೈಕೊಡುತ್ತಿತ್ತು. ಮೊದಲ ಹಾಡಾದ ‘ಹೆಲ್ಸ್ ಬೆಲ್ಸ್’ನ ಸಾಹಿತ್ಯಕ್ಕೆ ಆ ಗುಡುಗು ಮಿಂಚುಗಳೇ ಪ್ರೇರಣೆಯಾದವೆಂದು ಬ್ರಯಾನ್ ಹೇಳಿಕೊಂಡಿದ್ದಾರೆ.

ಈ ಹಾಡು ಆರಂಭವಾಗುವುದು ಗಿಟಾರಿನಿಂದಲ್ಲ, ನಿಧಾನವಾಗಿ ಬಾರಿಸುವ ಒಂದು ಭಾರಿ ಗಂಟೆಯಿಂದ. ಪಾಶ್ಚಾತ್ಯ ದೇಶಗಳಲ್ಲಿ ಚರ್ಚಿನ ಗಂಟೆ ಹೀಗೆ ಬಿಟ್ಟು ಬಿಟ್ಟು ಬಾರಿಸಿದರೆ ಅದು ಸಾವಿನ ಸೂಚನೆ. ಅದಕ್ಕಾಗಿ ಇಂಗ್ಲೆಂಡಿನ ಲಫ್‌ಬರೋ ಪಟ್ಟಣದಲ್ಲಿರುವ ಜಾನ್ ಟೇಲರ್ ಗಂಟೆ ಎರಕದ ಕಾರ್ಖಾನೆಗೆ ಸುಮಾರು ಒಂದು ಟನ್ ತೂಕದ ಗಂಟೆಯನ್ನು ಮಾಡಲು ಒಪ್ಪಿಸಲಾಯಿತು. ಮೊದಲು ಬೇರೊಂದು ಗೋಪುರದ ಗಂಟೆಯನ್ನು ಮುದ್ರಿಸಿಕೊಳ್ಳಲು ಹೋದಾಗ, ಅಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳ ರೆಕ್ಕೆಯ ಸದ್ದು ನಾದದೊಡನೆ ಬೆರೆತು ಪ್ರಯತ್ನ ವ್ಯರ್ಥವಾಯಿತು. ಕೊನೆಗೆ ಕಾರ್ಖಾನೆಯಲ್ಲೇ ಹೊಸ ಗಂಟೆಯ ನಾದವನ್ನು ಮುದ್ರಿಸಲಾಯಿತು.

ಆಲ್ಬಮ್ಮಿನಲ್ಲಿ ಹತ್ತು ಹಾಡುಗಳಿವೆ. ಬಾನ್ ಅವರ ಟಿಪ್ಪಣಿಗಳಿಂದ ಕೆಲವು ಸಾಲುಗಳನ್ನು ಬಳಸಿಕೊಳ್ಳಲಾಗಿದೆಯೆಂಬ ಗುಮಾನಿ ಇಂದಿಗೂ ಅಭಿಮಾನಿಗಳಲ್ಲಿದೆ. ತಂಡದವರು ಅದನ್ನು ನಿರಾಕರಿಸುತ್ತ ಬಂದಿದ್ದಾರೆ. ಹಾಡುಗಳೆಲ್ಲವೂ ಯಂಗ್ ಸಹೋದರರು ಮತ್ತು ಬ್ರಯಾನ್ ಅವರ ಹೆಸರಿನಲ್ಲಿವೆ.

ಹೊದಿಕೆಯ ಬಣ್ಣ

ನಮ್ಮ ಸಂಪ್ರದಾಯದಲ್ಲಿ ಶೋಕದ ಬಣ್ಣ ಬಿಳಿ; ಅವರಲ್ಲಿ ಕಪ್ಪು. ಆದ್ದರಿಂದಲೇ ತಂಡವು ಆಲ್ಬಮ್ಮಿನ ಹೊದಿಕೆಯನ್ನು ಸಂಪೂರ್ಣ ಕಪ್ಪಾಗಿರಿಸಲು ಬಯಸಿತು. ಹೀಗಾದರೆ ಅಂಗಡಿಯಲ್ಲಿ ಯಾರ ಕಣ್ಣಿಗೂ ಬೀಳದೆಂಬ ಆತಂಕ ಅಟ್ಲಾಂಟಿಕ್ ಸಂಸ್ಥೆಗೆ. ತಂಡದ ಹೆಸರಿಗೆ ಬೂದು ಬಣ್ಣದ ಅಂಚು ಕೊಡುವುದರೊಂದಿಗೆ ರಾಜಿಯಾಯಿತು. ಬಾನ್ ಅವರ ಚಿತ್ರವಾಗಲಿ ವಿಲಾಪಗೀತೆಯಾಗಲಿ ಇದರಲ್ಲಿಲ್ಲ. ಮುಖಪುಟದ ಕಪ್ಪು ಮತ್ತು ಆರಂಭದ ಗಂಟೆ, ಇವೆರಡೇ ಶೋಕಾಚರಣೆ. ಉಳಿದದ್ದೆಲ್ಲ ಉತ್ಸಾಹವೇ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಕೆಲವು ಹಾಡುಗಳ ಸಾಹಿತ್ಯ ಒರಟು. ಮದ್ಯಪಾನವನ್ನು ಸಂಭ್ರಮಿಸುವ ಹಾಡೂ ಒಂದಿದೆ. ಕುಡಿತವೇ ಗೆಳೆಯನ ಪ್ರಾಣ ತೆಗೆದಿದ್ದಾಗ ಇದು ಸಲ್ಲುವುದೇ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಮಕ್ಕಳೊಂದಿಗೆ ಈ ವಿಷಯವನ್ನು ಮಾತನಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರಿಲ್ಲ.

ಫಲಶ್ರುತಿ

1980ರ ಜುಲೈ 25ರಂದು, ಅಂದರೆ ಬಾನ್ ಅಗಲಿದ ಐದೇ ತಿಂಗಳಲ್ಲಿ, ಆಲ್ಬಮ್ ಬಿಡುಗಡೆಯಾಯಿತು. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು. ಅಮೆರಿಕವೊಂದರಲ್ಲೇ 2.5 ಕೋಟಿ ಪ್ರತಿಗಳ ಗಡಿಯನ್ನು ಮುಟ್ಟಿರುವುದಾಗಿ 2019ರಲ್ಲಿ ಪ್ರಮಾಣೀಕರಣವಾಯಿತು. ಇದಕ್ಕಿಂತ ಮನಮುಟ್ಟುವ ಫಲವೊಂದಿದೆ. 1976ರಲ್ಲಿ ಆಸ್ಟ್ರೇಲಿಯಾದಲ್ಲಿ ಹೊರಬಂದಿದ್ದ, ಬಾನ್ ಹಾಡಿದ್ದ ‘ಡರ್ಟಿ ಡೀಡ್ಸ್ ಡನ್ ಡರ್ಟ್ ಚೀಪ್’ ಆಲ್ಬಮ್ ಅಮೆರಿಕದಲ್ಲಿ ಬಿಡುಗಡೆಯಾಗಿರಲೇ ಇಲ್ಲ. ಹೊಸ ಆಲ್ಬಮ್ ಗೆದ್ದ ಮೇಲೆ, 1981ರಲ್ಲಿ ಅದನ್ನು ಅಲ್ಲಿ ಬಿಡುಗಡೆ ಮಾಡಿದಾಗ ಮೂರನೆಯ ಸ್ಥಾನಕ್ಕೇರಿತು. ಹೊಸ ಕಂಠದ ಯಶಸ್ಸು ಹಳೆಯ ಕಂಠವನ್ನು ಲಕ್ಷಾಂತರ ಹೊಸ ಕಿವಿಗಳಿಗೆ ತಲುಪಿಸಿತು!

ಅದೇ 1980ರ ಸೆಪ್ಟೆಂಬರಿನಲ್ಲಿ ‘ಲೆಡ್ ಜೆಪ್ಲಿನ್’ ತಂಡದ ಡ್ರಮ್ ವಾದಕ ಜಾನ್ ಬಾನಮ್ ಕೂಡ ಅತಿಯಾದ ಮದ್ಯಸೇವನೆಯಿಂದಲೇ ಮೃತರಾದರು. ಅವರಿಲ್ಲದೆ ತಂಡವಿಲ್ಲವೆಂದು ಉಳಿದವರು ಡಿಸೆಂಬರಿನಲ್ಲಿ ವಿಸರ್ಜನೆಯನ್ನು ಘೋಷಿಸಿದರು. ನಿಲ್ಲಿಸುವುದೂ ಗೌರವವೇ, ಮುಂದುವರಿಸುವುದೂ ಗೌರವವೇ. ಯಾವುದು ಸರಿಯೆಂಬುದನ್ನು ಅಗಲಿದವರನ್ನು ಹತ್ತಿರದಿಂದ ಬಲ್ಲವರಷ್ಟೇ ನಿರ್ಧರಿಸಬಲ್ಲರು.

ಕಾಲಾನಂತರದಲ್ಲಿ ಇದೇ ಪರೀಕ್ಷೆ ತಂಡಕ್ಕೆ ಮತ್ತೆ ಎದುರಾಯಿತು. ಮರೆವಿನ ಕಾಯಿಲೆಯಿಂದ 2014ರಲ್ಲಿ ನಿವೃತ್ತರಾದ ಮಾಲ್ಕಮ್ 2017ರಲ್ಲಿ ನಿಧನ ಹೊಂದಿದರು. ಅವರ ಸ್ಥಾನದಲ್ಲಿ ಅಣ್ಣನ ಮಗ ಸ್ಟೀವಿ ಯಂಗ್ ನಿಂತರು. 2016ರಲ್ಲಿ ಶ್ರವಣದೋಷದಿಂದ ಪ್ರವಾಸವನ್ನು ಅರ್ಧಕ್ಕೆ ಬಿಟ್ಟಿದ್ದ ಬ್ರಯಾನ್, 2020ರ ‘ಪವರ್ ಅಪ್’ ಆಲ್ಬಮ್ಮಿನಲ್ಲಿ ಮರಳಿ ಹಾಡಿದರು. ಅದು ಮಾಲ್ಕಮ್ ಅವರಿಗೆ ಅರ್ಪಣೆ.

ಅಗಲಿದವರ ಸ್ಥಾನವನ್ನು ಯಾರೂ ತುಂಬಲಾರರೆಂದು ನಾವು ಶೋಕಸಭೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಬ್ರಯಾನ್ ಜಾನ್ಸನ್ ಬಾನ್ ಅವರ ಸ್ಥಾನವನ್ನು ತುಂಬಲಿಲ್ಲ. ಪಕ್ಕದಲ್ಲಿ ತಮ್ಮದೊಂದು ಸ್ಥಾನವನ್ನು ಮಾಡಿಕೊಂಡು, ಬಾನ್ ಅವರ ಹಾಡುಗಳನ್ನೂ ದಶಕಗಳ ಕಾಲ ವೇದಿಕೆಯಲ್ಲಿ ಹಾಡುತ್ತ ಬಂದರು. ಇನ್ನೊಮ್ಮೆ ಮಕ್ಕಳ ಕೋಣೆಯಿಂದ ಆ ಗಂಟೆಯ ನಾದ ಕೇಳಿಬಂದರೆ, ಸದ್ದು ಕಡಿಮೆ ಮಾಡಲು ಹೇಳುವ ಮುನ್ನ ಒಂದು ನಿಮಿಷ ಅವರೊಡನೆ ಕುಳಿತು ಆಲಿಸೋಣ.