ನಾಟಿ ಯಾವುದು, ಹೈಬ್ರಿಡ್ ಯಾವುದು: ಒಂದು ಹಣ್ಣಿನ ಚರಿತ್ರೆ

ನಮ್ಮಜ್ಜಿ ಟೊಮೆಟೊ ಬೀಜ ತೆಗೆಯುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ಗಿಡದಲ್ಲೇ ಪೂರ್ತಿ ಹಣ್ಣಾದ ಎರಡು ಮೂರು ಕಾಯಿಗಳನ್ನು ಹಿತ್ತಲಿಂದ ತಂದು ಹಿಚುಕಿ, ಬೀಜಕ್ಕೆ ಒಲೆಯ ಬೂದಿ ಬೆರೆಸಿ, ಹಳೇ ಪಂಚೆಯ ತುಂಡಿನ ಮೇಲೆ ಹರವಿ ನೆರಳಲ್ಲಿ ಒಣಗಿಸುತ್ತಿದ್ದಳು. ಒಣಗಿದ ಮೇಲೆ ಅದೇ ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ತೊಲೆಗೆ ಸಿಕ್ಕಿಸುವುದು. ಮಳೆ ಹಿಡಿದ ಕೂಡಲೇ ಗಂಟು ಕೆಳಗಿಳಿಯುತ್ತಿತ್ತು. ಅದೇ ಹೊತ್ತಿಗೆ ಅಪ್ಪ ಕೋಲಾರದ ಅಂಗಡಿಯಿಂದ ಹೈಬ್ರಿಡ್ ಬೀಜದ ಪೊಟ್ಟಣ ತಂದು ಹೊಲದಲ್ಲಿ ಸಸಿ ಮಡಿ ಮಾಡುತ್ತಿದ್ದರು. ಹೊಲದ ಹಣ್ಣು ಮಂಡಿಗೆ, ಹಿತ್ತಲ ಹಣ್ಣು ಗೊಜ್ಜಿಗೆ. ನಮ್ಮ ಮನೆಯಲ್ಲಿ ಎರಡು ಟೊಮೆಟೊಗಳಿದ್ದವು. ಅವುಗಳ ನಡುವೆ ಒಂದು ಸಣ್ಣ ಜಗಳವೂ ಇತ್ತು.

‘ಅದೇನ್ ಹಣ್ಣೋ, ಗೋಡೆಗೆ ಹೊಡೆದ್ರೆ ಗೋಡೇನೇ ಒಡೀತದೆ’ ಎಂದು ಅಜ್ಜಿ ಹಂಗಿಸುವಳು. ‘ಗಟ್ಟಿ ಇರೋದಕ್ಕೇ ಲಾರಿ ಹತ್ತೋದು ಕಣಮ್ಮ’ ಎಂದು ಅಪ್ಪ ನಗುತ್ತಿದ್ದರು. ಚರಿತ್ರೆಯ ವಿದ್ಯಾರ್ಥಿನಿಯಾಗಿ ಪತ್ರಾಗಾರಗಳಲ್ಲಿ ಕೂರುವುದನ್ನು ಕಲಿತ ಮೇಲೆ ಈ ಜಗಳ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಇಬ್ಬರೂ ತಮ್ಮ ಮಾತಿನಲ್ಲಿ ಸರಿಯಾಗಿಯೇ ಇದ್ದರು. ಆದರೆ ಅಜ್ಜಿ ‘ನಮ್ದು ನಾಟಿ’ ಎನ್ನುತ್ತಿದ್ದಳಲ್ಲ, ಆ ಪದದ ಬೆನ್ನು ಹತ್ತಿದರೆ ಕಥೆ ಬೇರೆಯೇ ಆಗುತ್ತದೆ.

ಟೊಮೆಟೊ ಈ ನೆಲದ್ದಲ್ಲ. ಅದರ ಕಾಡು ಪೂರ್ವಜರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಪಡುವಣ ಸೀಮೆಯವರು. ಅದನ್ನು ತೋಟದ ಬೆಳೆಯಾಗಿ ಪಳಗಿಸಿದವರು ಮೆಕ್ಸಿಕೋದ ಜನ. ಹೆಸರೂ ಅಲ್ಲಿಯ ನಾವಾಟ್ಲ್ ಭಾಷೆಯ ‘ತೊಮಾಟ್ಲ್’ ಎಂಬುದರಿಂದ ಬಂದದ್ದು. 1521ರಲ್ಲಿ ಸ್ಪೇನಿನವರು ಆಜ್ಟೆಕ್ ರಾಜಧಾನಿಯನ್ನು ಗೆದ್ದ ನಂತರ ಅದು ಯುರೋಪಿಗೆ ಹೋಯಿತು. 1544ರಲ್ಲಿ ಇಟಲಿಯ ವೈದ್ಯ ಮತ್ತಿಯೋಲಿ ಅದರ ಬಗ್ಗೆ ಬರೆದಾಗ ಬದನೆಯ ಜೊತೆಗೇ ಇಟ್ಟು ನೋಡಿದ. ನಮ್ಮವರೂ ಹಾಗೆಯೇ ಮಾಡಿದರು. ಬಂಗಾಳಿಗಳಿಗೆ ಅದು ವಿಲಾಯತಿ ಬದನೆ, ಕನ್ನಡದ ಕೆಲವು ಕಡೆ ಚಪ್ಪರಬದನೆ. ಹೊಸ ಹಣ್ಣು ಊರಿಗೆ ಬಂದರೆ ಹಳೇ ನೆಂಟಸ್ತನ ಹುಡುಕಿ ಹೆಸರಿಡುವುದು ನಮ್ಮ ಅಭ್ಯಾಸ.

ಜಾರ್ಜ್ ವಾಟ್ 1889ರಿಂದ ಹೊರತಂದ ಭಾರತದ ಆರ್ಥಿಕ ಉತ್ಪನ್ನಗಳ ನಿಘಂಟಿನಲ್ಲಿ ಟೊಮೆಟೊ ಇನ್ನೂ ಮುಖ್ಯವಾಗಿ ಯುರೋಪಿಯನ್ನರಿಗಾಗಿ ಬೆಳೆಯುವ ತರಕಾರಿ. ಈ ತಡವಾದ ಆಗಮನಕ್ಕೆ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಅಡುಗೆಮನೆಯಲ್ಲೇ ಇದೆ. ಸಂಪ್ರದಾಯಸ್ಥರ ಮನೆಯ ಶ್ರಾದ್ಧದ ಅಡುಗೆಗೆ ಇವತ್ತಿಗೂ ಟೊಮೆಟೊ ಸಲ್ಲದು, ಆಲೂಗಡ್ಡೆ, ಕೋಸು ಕೂಡ ಸಲ್ಲದು. ಪಿತೃಗಳಿಗೆ ಗೊತ್ತಿಲ್ಲದ ತರಕಾರಿ ಬಡಿಸುವುದು ಹೇಗೆ? ಸಾರಿಗೆ ಹುಳಿ ಎಂದರೆ ಹುಣಸೆ ಎಂದಷ್ಟೇ ಇದ್ದ ಕಾಲವನ್ನು ಆ ಎಲೆ ನೆನಪಿಟ್ಟುಕೊಂಡಿದೆ.

ಹಾಗಾದರೆ ಅಜ್ಜಿಯ ‘ನಾಟಿ’ ಎಷ್ಟು ಹಳೆಯದು? ಹೆಚ್ಚೆಂದರೆ ಕೆಲವು ತಲೆಮಾರು. ಇಂದು ಸಂತೆಯಲ್ಲಿ ನಾಟಿ ಎಂದು ಮಾರುವ ಎಷ್ಟೋ ಹಣ್ಣುಗಳು ಸರ್ಕಾರಿ ಸಂಶೋಧನಾ ಕೇಂದ್ರಗಳಿಂದ ಬಂದವು. ಪಿಕೆಎಂ-1 ಎಂಬುದು ತಮಿಳುನಾಡಿನ ಪೆರಿಯಕುಳಂನಲ್ಲಿ ಅಣ್ಣಂಜಿ ಎಂಬ ತಳಿಯಿಂದ ಮಾಡಿದ್ದು. ದೆಹಲಿಯ ಪೂಸಾ ರೂಬಿಯ ಹೆತ್ತವರಲ್ಲಿ ಒಂದು ಅಮೆರಿಕದ ಸೂ ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಅಮೆರಿಕದ್ದೇ ಆದ ಟಿಪ್‌ಟಾಪ್ ತಳಿಯಿಂದ ಆರಿಸಿದ್ದು. ಇವು ಹೈಬ್ರಿಡ್‌ಗಳಲ್ಲ. ಇವುಗಳ ಬೀಜ ಹಾಕಿದರೆ ತಾಯಿಯಂಥದೇ ಗಿಡ ಬರುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಹೈಬ್ರಿಡ್ ಎಂದರೆ ಎರಡು ಬೇರೆ ಶುದ್ಧ ತಳಿಗಳ ಮೊದಲ ತಲೆಮಾರಿನ ಮಕ್ಕಳು. ಆ ತಲೆಮಾರು ಹುರುಪಿನದು, ಹಣ್ಣು ಒಂದೇ ಸಮ. ಅದರ ಬೀಜ ತೆಗೆದು ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಅಮೆರಿಕದಲ್ಲಿ ಮನೆತೋಟದವರನ್ನು ಮರುಳು ಮಾಡಿದ ಬಿಗ್ ಬಾಯ್ ಬಂದದ್ದು 1949ರಲ್ಲಿ. ನಮ್ಮಲ್ಲಿ 1965ರಲ್ಲಿ ಮನಮೋಹನ ಅತ್ತಾವರ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರು ಮಾಡಿದರು. 1973ರಲ್ಲಿ ಅವರ ಸಂಸ್ಥೆ ಒಂದು ಹೈಬ್ರಿಡ್ ಟೊಮೆಟೊ ಬಿಡುಗಡೆ ಮಾಡಿತು. ಅದರ ಹೆಸರು ‘ಕರ್ನಾಟಕ’. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದೂ ಅದೇ ವರ್ಷ! ನಾಡಿಗೂ ಹಣ್ಣಿಗೂ ಒಟ್ಟಿಗೆ ನಾಮಕರಣವಾದ ಸಂಗತಿ ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಈ ಬೀಜದ ಹಿಂದೆ ಕೈಗಳಿವೆ. ರಾಣೆಬೆನ್ನೂರಿನ ಸುತ್ತಮುತ್ತ ಹೆಂಗಸರು ಇದನ್ನು ‘ಕ್ರಾಸಿಂಗ್’ ಎನ್ನುತ್ತಾರೆ. ನಾಳೆ ಅರಳಬೇಕಾದ ಮೊಗ್ಗನ್ನು ಹಿಡಿದು, ಚಿಮುಟದಿಂದ ಹಳದಿ ಕೇಸರವನ್ನಷ್ಟೇ ಕಿತ್ತು, ನಡುವಿನ ಕಡ್ಡಿ ಮುರಿಯದಂತೆ ಬಿಡಬೇಕು. ಮರುದಿನ ಅದಕ್ಕೆ ಗಂಡು ತಳಿಯ ಪರಾಗ ಮುಟ್ಟಿಸಬೇಕು. ಆದ ಹೂವಿನ ಗುರುತಿಗೆ ತೊಟ್ಟಿನ ಹಸಿರು ಎಸಳು ಕತ್ತರಿಸಬೇಕು. ಹೀಗೆ ಒಂದೊಂದೇ ಹೂವು, ದಿನವಿಡೀ ಬಗ್ಗಿದ ಬೆನ್ನು. ಪೊಟ್ಟಣದ ಮೇಲೆ ಕಂಪನಿಯ ಹೆಸರಿರುತ್ತದೆ, ಆ ಕೈಗಳದ್ದಿರುವುದಿಲ್ಲ. ನಮ್ಮಜ್ಜಿಯ ಬಟ್ಟೆ ಗಂಟಿನ ಮೇಲೂ ಯಾರ ಹೆಸರೂ ಇರಲಿಲ್ಲ.

ನಾನು ಶಾಲೆಯಲ್ಲಿದ್ದಾಗ ಒಂದು ಬೇಸಿಗೆ ಬಿಳಿನೊಣ ಹೆಚ್ಚಾಗಿ, ಎಲೆ ಮುದುಡುವ ರೋಗ ಬಂತು. ಹಿತ್ತಲಿನ ಗಿಡಗಳೆಲ್ಲ ಮುದುರಿ, ಹೂವು ನಿಲ್ಲದೆ ಹೋದವು. ಆ ವರ್ಷ ಗಂಟು ಕಟ್ಟಲು ಬೀಜವಿರಲಿಲ್ಲ. ಅಜ್ಜಿ ಸುಮ್ಮನಿರದೆ ಅಪ್ಪನ ಹೈಬ್ರಿಡ್ ಹಣ್ಣನ್ನೇ ಹಿಚುಕಿ ಬೂದಿ ಬೆರೆಸಿದಳು. ಮುಂದಿನ ಮಳೆಗೆ ಹಿತ್ತಲಲ್ಲಿ ಒಂದು ಗಿಡ ಗಿಡ್ಡ, ಒಂದು ಬಳ್ಳಿಯಂತೆ ಉದ್ದ, ಒಂದರ ಹಣ್ಣು ಗುಂಡು, ಇನ್ನೊಂದರದ್ದು ಉದ್ದ. ‘ಒಂದೇ ತಾಯಿ ಮಕ್ಳು, ಒಬ್ಬರ ಮುಖ ಒಬ್ಬರಿಗಿಲ್ಲ’ ಎಂದು ಅಜ್ಜಿ ನಕ್ಕಳು. ಆದರೆ ಮತ್ತೆ ಬೀಜ ತೆಗೆಯಲಿಲ್ಲ.

ಇದನ್ನು ಹೈಬ್ರಿಡ್ ಮೇಲಿನ ದೂರಾಗಿ ಬರೆಯುವುದು ಸುಲಭ. ಆದರೆ ನನ್ನ ಹಾಸ್ಟೆಲ್ ಶುಲ್ಕ ಕಟ್ಟಿದ್ದು ಆ ಗಟ್ಟಿ ಹಣ್ಣೇ. ಅರ್ಕಾ ವಿಕಾಸ್ ಹೆಕ್ಟೇರಿಗೆ 35ರಿಂದ 40 ಟನ್ ಕೊಟ್ಟರೆ, ಅದೇ ಹೆಸರಘಟ್ಟದ ಹೈಬ್ರಿಡ್ ಅರ್ಕಾ ರಕ್ಷಕ್ 75ರಿಂದ 80 ಟನ್ ಕೊಡುತ್ತದೆ. ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ. ಸಾಲ ಮಾಡಿ ಬೆಳೆಯಿಡುವವನಿಗೆ ಈ ಅಂಕಿಗಳೇ ರುಚಿ.

ಅಜ್ಜಿಯ ದೂರಿನಲ್ಲಿಯೂ ವಿಜ್ಞಾನವಿದೆ. ಕಾಯಿ ಒಂದೇ ಸಮ ಬಣ್ಣಕ್ಕೆ ತಿರುಗಲಿ ಎಂದು ತಳಿಗಾರರು ದಶಕಗಳ ಕಾಲ ತೊಟ್ಟಿನ ಬಳಿ ಕಡುಹಸಿರು ಇಲ್ಲದ ಗಿಡಗಳನ್ನೇ ಆರಿಸಿದರು. ಕಾಯಿಯಲ್ಲಿ ಸಕ್ಕರೆ ಹೆಚ್ಚಿಸುವ ಒಂದು ಜೀನ್ ಹಾಗೆ ಕೆಟ್ಟಿತೆಂದು 2012ರಲ್ಲಿ ಗೊತ್ತಾಯಿತು. 2017ರಲ್ಲಿ ಫ್ಲಾರಿಡಾದ ಹ್ಯಾರಿ ಕ್ಲೀ ಮತ್ತು ಸಂಗಡಿಗರು 398 ತಳಿಗಳನ್ನು ಪರೀಕ್ಷಿಸಿ, ಹೊಸ ವಾಣಿಜ್ಯ ತಳಿಗಳಲ್ಲಿ ಪರಿಮಳದ ಹಲವು ಅಂಶಗಳು ಕಡಿಮೆಯಾಗಿವೆ ಎಂದು ತೋರಿಸಿದರು. ಯಾರೂ ರುಚಿಯನ್ನು ಬೇಕೆಂದು ಕೊಂದಿರಲಿಲ್ಲ. ಅದನ್ನು ಯಾರೂ ಅಳೆಯಲಿಲ್ಲ, ಅಷ್ಟೇ.

ಕಳೆದ ವರ್ಷ ಬಾಡಿಗೆ ಮನೆಯ ತಾರಸಿಯಲ್ಲಿ ಮೂರು ಬಗೆಯನ್ನು ಮೂರು ಮೂರು ಗಿಡ ಹಾಕಿದೆ: ಅಂಗಡಿಯವನು ನಾಟಿ ಎಂದು ಕೊಟ್ಟದ್ದು, ಅರ್ಕಾ ವಿಕಾಸ್, ಅರ್ಕಾ ರಕ್ಷಕ್. ನಾಟಿಯಲ್ಲಿ ಎರಡು ಗಿಡ ಮುದುಡಿದವು. ಉಳಿದೊಂದರ ಹಣ್ಣು ತೆಳು ಸಿಪ್ಪೆ, ತುಂಬ ರಸ, ಒಳ್ಳೇ ಹುಳಿ, ಮೂರನೇ ದಿನಕ್ಕೆ ಒಡೆದುಹೋಗುತ್ತಿತ್ತು. ರಕ್ಷಕ್ ಬುಟ್ಟಿ ತುಂಬಾ ಕೊಟ್ಟಿತು, ಎರಡು ವಾರ ಕೆಡಲಿಲ್ಲ. ವಿಕಾಸ್ ಎರಡರ ನಡುವೆ ನಿಂತಿತು. ಗೆಳತಿಯರಿಗೆ ಯಾವುದು ಯಾವುದೆಂದು ಹೇಳದೆ ಹೋಳು ಕೊಟ್ಟೆ. ಹಸಿಯಾಗಿ ತಿಂದಾಗ ನಾಟಿ ಗೆದ್ದಿತು. ಗೊಜ್ಜು ಮಾಡಿದಾಗ ಯಾರಿಗೂ ಗುರುತು ಹತ್ತಲಿಲ್ಲ. ನನಗೆ ಆಶ್ಚರ್ಯವಾದದ್ದು ಇನ್ನೊಂದು: ಗಿಡದಲ್ಲೇ ಕೆಂಪಾಗಲು ಬಿಟ್ಟ ರಕ್ಷಕ್, ಮಾರುಕಟ್ಟೆಯ ಹೈಬ್ರಿಡ್‌ಗಿಂತ ಎಷ್ಟೋ ರುಚಿಯಾಗಿತ್ತು. ಬಣ್ಣ ತಿರುಗುವಾಗಲೇ ಕಿತ್ತು ಕ್ರೇಟ್ ತುಂಬುವುದೂ, ಆಮೇಲೆ ಫ್ರಿಜ್ಜಿನಲ್ಲಿಡುವುದೂ ಪರಿಮಳ ಕಳೆಯುತ್ತವೆ. ನಾವು ಬೀಜದ ಮೇಲೆ ಹಾಕುವ ತಪ್ಪಿನಲ್ಲಿ ಅರ್ಧ ದಾರಿಯದ್ದು.

ಕನ್ನಡದಲ್ಲಿ ‘ನಾಟಿ’ಗೆ ಎರಡು ಅರ್ಥ. ಒಂದು ನಾಡಿಗೆ ಸೇರಿದ್ದು, ಇನ್ನೊಂದು ಸಸಿ ಕಿತ್ತು ನೆಡುವುದು. ಮೆಕ್ಸಿಕೋದ ಹಣ್ಣು ಮೊದಲನೇ ಅರ್ಥದಲ್ಲಿ ನಮ್ಮದಲ್ಲ. ಎರಡನೆಯದರಲ್ಲಿ ಖಂಡಿತ ನಮ್ಮದು. ಬೀಜ ತೆಗೆದು, ಮತ್ತೆ ನೆಟ್ಟು, ಬದುಕಿದ್ದನ್ನು ಮತ್ತೆ ಆರಿಸಿದ್ದರಿಂದಲೇ ಅದು ಅಜ್ಜಿಯದಾಯಿತು. ಹೈಬ್ರಿಡ್ ಕೊಡದಿರುವುದು ಈ ಒಂದನ್ನೇ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸಿ ಬಿತ್ತುವ, ಹಂಚುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಆದರೆ ಮರುಬಿತ್ತಿದರೆ ಚದುರಿಹೋಗುವ ಬೀಜದ ಮುಂದೆ ಆ ಹಕ್ಕು ಏನು ಮಾಡೀತು?

ತಾರಸಿಯಲ್ಲಿ ಜಾಗ ಸ್ವಲ್ಪವೇ. ಈ ಮಳೆಗೆ ಎರಡು ಗಿಡ ರಕ್ಷಕ್ ಇರಲಿ, ಅಡುಗೆಗೆ ಬೇಕು. ಉಳಿದದ್ದು ವಿಕಾಸ್. ಅದರ ಬೀಜ ತೆಗೆದಿಟ್ಟಿದ್ದೇನೆ. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಸಿಗದೆ, ಎದುರು ಮನೆಯ ಅಗರಬತ್ತಿಯದನ್ನೇ ಕೇಳಿ ತಂದೆ. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, ‘ನಂಗೂ ಒಂಚೂರು ಕಳಿಸಮ್ಮ, ಹಿತ್ತಲು ಖಾಲಿ ಬಿದ್ದಿದೆ’ ಅಂದರು.